ಮಸಿಯ ಮೇಲಿನ ಕುಂಕುಮ

ವಿಜಯದಶಮಿಯ ಮಾರನೆಯ ಬೆಳಿಗ್ಗೆ, ಟೀ ಬರುವುದಕ್ಕೆ ಸ್ವಲ್ಪ ಮುಂಚೆ, ನಾನು ಫರ್ನೇಸಿನ ಕರೆಂಟ್ ಪ್ಯಾನೆಲ್ಲಿಗೂ ಅಚ್ಚಿನ ಮರಳಿನ ರಾಶಿಗೂ ನಡುವೆ ನಿಂತಿದ್ದೆ. ಮರಳು ನನ್ನ ಬೆನ್ನಿಗಿತ್ತು, ಪ್ಯಾನೆಲ್ ಬಲಕ್ಕಿತ್ತು, ಕೈಯಲ್ಲಿ ಉದ್ದ ಹಿಡಿಯ ಸೌಟಿತ್ತು. ಅಲ್ಲಿಂದ ಎರಡು ಒಟ್ಟಿಗೇ ಕಾಣುತ್ತಿದ್ದವು: ಪ್ಯಾನೆಲ್ಲಿನ ಮೇಲಿನ ದುಂಡು ಮೀಟರು, ಮತ್ತು ಫರ್ನೇಸಿನ ಕಟ್ಟೆಯ ಮೇಲೆ ನಿಂತಿದ್ದ ನಮ್ಮ ಮೇಸ್ತ್ರಿಯ ಎಡಗೆನ್ನೆ.

ಆ ಎಡಗೆನ್ನೆ ಸುಟ್ಟ ಬದನೆಕಾಯಿಯ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಬಲಗೆನ್ನೆ ಎಲ್ಲರ ಹಾಗೆ ಗೋಧಿ ಬಣ್ಣದ್ದು. ಕೆಲಸಕ್ಕೆ ನಿಂತ ದಿನದಿಂದ ಅವರು ಫರ್ನೇಸಿಗೆ ಎಡಪಕ್ಕ ಕೊಟ್ಟೇ ನಿಂತವರು. ಎಡಹುಬ್ಬು ಪೂರ್ತಿ ಹೋಗಿತ್ತು, ಎಡಮೀಸೆ ಅರ್ಧ ಉಳಿದಿತ್ತು. ರಾಜಗೋಪಾಲನಗರದಲ್ಲಿ ಅವರಿಗೆ ಕ್ಷೌರ ಮಾಡುತ್ತಿದ್ದವನು, ಈ ಕಡೆಯದನ್ನು ನಿಮ್ಮ ಫರ್ನೇಸೇ ಮಾಡಿ ಕಳಿಸಿದೆ, ನನಗೆ ಅರ್ಧ ಮುಖ ಮಾತ್ರ ಉಳಿಸಿದ್ದೀರಿ ಎಂದು ಪ್ರತಿ ಸಲವೂ ಹೇಳುತ್ತಿದ್ದ. ಮೇಸ್ತ್ರಿ ಪ್ರತಿ ಸಲವೂ ನಗುತ್ತಿದ್ದರು.

ನಿಂತ ಜಾಗವನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಅಲ್ಲಿಂದ ಮೀಟರು ಕಾಣುವುದಿಲ್ಲ ಎಂದು ಆಮೇಲೆ ಹೇಳಿಸಿದವರಿದ್ದಾರೆ. ಕಾಣುತ್ತದೆ.

ನಮ್ಮದು ಪೀಣ್ಯದಲ್ಲಿ ಕಬ್ಬಿಣ ಕರಗಿಸಿ ಪಂಪುಗಳ ಭಾಗ ಎರಕ ಹೊಯ್ಯುವ ಫೌಂಡ್ರಿ. ಪಿಯುಸಿ ವಿಜ್ಞಾನವನ್ನು ಅರ್ಧಕ್ಕೆ ಬಿಟ್ಟು ಸೇರಿದ ನನಗೆ ಅಲ್ಲಿ ಸಿಕ್ಕ ಕೆಲಸ, ಕರಗಿದ ಕಬ್ಬಿಣದಿಂದ ಒಂದು ಸೌಟು ಎತ್ತಿ ಬಿಲ್ಲೆ ಮಾಡಿ ಲ್ಯಾಬಿಗೆ ಒಯ್ಯುವುದು. ಫರ್ನೇಸಿನ ಪೂರ್ತಿ ಅಧಿಕಾರ ಮೇಸ್ತ್ರಿಯದು. ಅವರು ಹೂಂ ಎನ್ನದೆ ಯಾರೂ ಸೌಟು ಅದ್ದುವಂತಿರಲಿಲ್ಲ. ಅವರ ಮನೆತನ ಅಲ್ಲಿಯದೇ. ಕೈಗಾರಿಕಾ ಪ್ರದೇಶ ಬಂದಾಗ ಹೋದ ಹೊಲಗಳಲ್ಲಿ ಅವರ ತಾತನದೂ ಒಂದು. ನಮ್ಮ ಶೆಡ್ಡಿನ ಹಿಂದೆ ಲಾರಿ ನಿಲ್ಲಿಸುವ ಕಡೆ ನನ್ನನ್ನು ಒಮ್ಮೆ ಕರೆದುಕೊಂಡು ಹೋಗಿ, ಈ ಟಯರ್ ನಿಂತಿದೆಯಲ್ಲ, ಇಲ್ಲಿ ಬದುವಿತ್ತು ಎಂದು ಕಾಲಿನಿಂದ ಗೆರೆ ಎಳೆದು ತೋರಿಸಿದರು. ಅದರಲ್ಲಿ ದುಃಖವೇನೂ ಇದ್ದಂತೆ ಕಾಣಲಿಲ್ಲ. ಲಾರಿಯವನಿಗೆ ಮಾತ್ರ, ಇನ್ನು ಮೇಲೆ ಬದುವಿನ ಆ ಕಡೆ ನಿಲ್ಲಿಸು ಎಂದು ತಾಕೀತು ಮಾಡಿದರು.

ಅವರ ಸೂರ್ಯನ ಮಾತನ್ನು ಹೇಳುವ ಮೊದಲು ಫರ್ನೇಸಿನ ಬಗ್ಗೆ ಹೇಳಬೇಕು. ಅದರಲ್ಲಿ ಬೆಂಕಿ ಇಲ್ಲ. ಹೊಸಬರು ಇದನ್ನು ನಂಬುವುದಿಲ್ಲ. ಅದು ದೊಡ್ಡ ಹಂಡೆಯಂಥ ಪಾತ್ರೆ. ಅದರ ಒಳಗೋಡೆ ಗಟ್ಟಿಯಾಗಿ ಬಡಿದು ಕೂರಿಸಿದ ಬಿಳಿ ಮರಳಿನದು. ಅದನ್ನು ಲೈನಿಂಗ್ ಎನ್ನುತ್ತಾರೆ. ಗೋಡೆಯ ಹೊರಗೆ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿರುತ್ತಾರೆ. ಕೊಳವೆಯೊಳಗೆ ತಣ್ಣೀರು ಹರಿಯುತ್ತಿರುತ್ತದೆ. ಸುರುಳಿಗೆ ಕರೆಂಟು ಕೊಟ್ಟರೆ ಒಳಗಿನ ಕಬ್ಬಿಣ ತನ್ನಷ್ಟಕ್ಕೆ ಕಾದು ಕೆಂಪಾಗಿ, ಹಳದಿಯಾಗಿ, ಕೊನೆಗೆ ನೀರಾಗುತ್ತದೆ. ಸೌದೆಯಿಲ್ಲ, ಜ್ವಾಲೆಯಿಲ್ಲ, ಸುರುಳಿ ಕಬ್ಬಿಣವನ್ನು ಮುಟ್ಟುವುದೂ ಇಲ್ಲ.

ಸೂರ್ಯನೂ ಇದೇ ಎನ್ನುವುದು ಮೇಸ್ತ್ರಿಯ ನಂಬಿಕೆ. ಅಂಥ ವಾದ ಮಾಡುವವರು ಲೋಕದಲ್ಲಿ ಇದ್ದಾರೆ. ಸೂರ್ಯ ತನ್ನೊಳಗಿನಿಂದ ಉರಿಯುತ್ತಿಲ್ಲ, ಆಕಾಶದುದ್ದಕ್ಕೂ ಹರಿಯುವ ವಿದ್ಯುತ್ತು ಹೊರಗಿನಿಂದ ಬಂದು ಅವನನ್ನು ಬೆಳಗಿಸುತ್ತಿದೆ ಎನ್ನುತ್ತಾರೆ ಅವರು. ಅವರ ಇಂಗ್ಲಿಷ್ ವಿಡಿಯೊಗಳನ್ನು ಮೇಸ್ತ್ರಿ ಮೊಬೈಲಿನಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಊಟದ ಹೊತ್ತಿನಲ್ಲಿ ನಾನು ಕೆಳಗಿನ ಅಕ್ಷರ ಓದಿ ಅರ್ಥ ಹೇಳಬೇಕಿತ್ತು. ಆದರೆ ಮೇಸ್ತ್ರಿಯ ಅತಿ ದೊಡ್ಡ ಸಾಕ್ಷಿ ಬಂದದ್ದು ವಿಡಿಯೊದಿಂದಲ್ಲ, ಫರ್ನೇಸಿನಿಂದ. ಲೈನಿಂಗ್ ತೆಳ್ಳಗಾದ ಜಾಗದಲ್ಲಿ ಫರ್ನೇಸು ಹೊರಗಡೆ ಹೆಚ್ಚು ಬಿಸಿಯಾಗುತ್ತದೆ, ಏಕೆಂದರೆ ಬಿಸಿ ಒಳಗಿದೆ. ಸೂರ್ಯನ ಮೈ ಹರಿದ ಜಾಗದಲ್ಲಾದರೋ ಕಪ್ಪು ಕಲೆ ಕಾಣುತ್ತದೆ.

"ತೂತಾದ ಕಡೆ ಕತ್ಲು ಕಾಣ್ತದೆ ಅಂದ್ಮೇಲೆ ಒಳಗೆ ಬೆಂಕಿ ಎಲ್ಲದೆ, ಯೋಳು" ಎಂದು ಕೇಳುತ್ತಿದ್ದರು. "ಒಳಗೇನದೆ ಅಂತ ಬಡ್ಕೋಬ್ಯಾಡ ಕಣಪ್ಪ. ಕರೆಂಟು ಎಲ್ಲಿಂದ ಬತ್ತದೆ, ಯಾರು ಕೊಡ್ತಾವ್ರೆ, ಅದ ಕೇಳು."

ಇದಕ್ಕೆ ನಕ್ಕವರನ್ನು ಅವರು ಸುಲಭಕ್ಕೆ ಬಿಡುತ್ತಿರಲಿಲ್ಲ. ಮೇಸ್ತ್ರಿ ಒಳ್ಳೆಯವರು, ಆದರೆ ಸೇಡಿನ ಮನುಷ್ಯ. ಅಚ್ಚು ಮಾಡುವ ಒಬ್ಬ ಹುಡುಗ ನಕ್ಕಾಗ ಎಷ್ಟೋ ದಿನ ಅವನ ಜೊತೆ ನೇರ ಮಾತೇ ಆಡಲಿಲ್ಲ. ಅವನು ಎದುರಿಗೇ ನಿಂತಿರುತ್ತಿದ್ದ. ಇವರು ನನ್ನ ಕಡೆ ತಿರುಗಿ, ಆ ವಿಜ್ಞಾನಿಗೆ ಹೇಳಪ್ಪ, ಫರ್ನೇಸಿನ ಕಿಟ್ಟ ತೆಗೆಯಬೇಕಂತೆ ಎನ್ನುತ್ತಿದ್ದರು. ಕೊನೆಗೆ ಆ ಹುಡುಗನೇ ಕಪ್ಪು ಗಾಜು ಹಿಡಿದು ಸೂರ್ಯನನ್ನು ನೋಡಿ ಬಂದು, ಇರಬಹುದು ಮೇಸ್ತ್ರಿ ಎಂದ ಮೇಲೆ ಅವನಿಗೆ ತಮ್ಮ ಡಬ್ಬಿಯಿಂದ ಮುದ್ದೆ ಕೊಟ್ಟರು.

ಮ್ಯಾನೇಜರು ಬಂದದ್ದು ಆಮೇಲೆ. ಇಂಜಿನಿಯರಿಂಗ್ ಓದಿದವನು, ನನಗಿಂತ ಸ್ವಲ್ಪ ದೊಡ್ಡವನು. ಅವನನ್ನು ನಾನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಅದು ಕೈತಪ್ಪಿ ಆದದ್ದಲ್ಲ. ಅವನಿಗೆ ಮೇಸ್ತ್ರಿಯ ಸೂರ್ಯನ ವಿಷಯ ಗೊತ್ತಾದ ದಿನದಿಂದ ಬೆಳಗಿನ ನಮಸ್ಕಾರವೇ ಬದಲಾಯಿತು.

"ಏನ್ ಮೇಸ್ತ್ರಿ, ಇವತ್ತು ಸೂರ್ಯಂಗೆ ಕರೆಂಟು ಬಂತಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದ.

"ಬಂತು ಸಾರ್" ಎಂದರು ಮೇಸ್ತ್ರಿ ಒಂದು ದಿನ. "ಅಲ್ಲಿ ಮ್ಯಾನೇಜ್ರು ಯಾರೂ ಇಲ್ವಂತೆ. ಅದ್ಕೇ ಟೈಮಿಗ್ ಸರ್ಯಾಗಿ ಬತ್ತದೆ."

ಕ್ರೇನಿನ ಮೇಲಿದ್ದ ಯಲ್ಲಪ್ಪ ಜೋರಾಗಿ ನಕ್ಕುಬಿಟ್ಟ. ಮ್ಯಾನೇಜರನ ಮುಖ ನಾನು ನೋಡಿದೆ. ಅವನೂ ನಕ್ಕ, ಆದರೆ ಬಾಯಿ ಮಾತ್ರ ನಕ್ಕಿತು. ಯಾದಗಿರಿ ಕಡೆಯ ಯಲ್ಲಪ್ಪ ಆಮೇಲೆ ನನ್ನ ಹತ್ತಿರ, ಈ ಮನಿಷ್ಯಾ ಇದನ್ನ ಮರಿಯಾಂವಲ್ಲ ನೋಡ್ರಿ ಎಂದ. ಸರಿಯಾಗಿಯೇ ಹೇಳಿದ್ದ.

ಮೇಸ್ತ್ರಿ ಒಮ್ಮೆ ಸೋತದ್ದನ್ನೂ ಬರೆಯಬೇಕು, ಇಲ್ಲದಿದ್ದರೆ ನಾನು ಅವರ ಪರವಾಗಿ ಮುಚ್ಚಿಟ್ಟೆ ಎಂದಾಗುತ್ತದೆ. ಒಂದು ಭಾನುವಾರ ಮಹದೇವಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ದೂರದರ್ಶಕ ಇಟ್ಟು ಸೂರ್ಯನನ್ನು ತೋರಿಸುತ್ತಾರೆ ಎಂದು ತಿಳಿದು ಅವರನ್ನು ಕರೆದುಕೊಂಡು ಹೋದೆ. ಎರಡು ಬಸ್ಸು ಬದಲಾಯಿಸಿ ಹೋದೆವು. ಅವರು ಮದುವೆಗೆ ಹೋಗುವವರ ಹಾಗೆ ಬಿಳಿ ಷರ್ಟು ಹಾಕಿದ್ದರು. ಗೇಟಿನಲ್ಲಿ ಸೆಕ್ಯುರಿಟಿಯವನು ಯಾವ ಫ್ಲ್ಯಾಟಿಗೆ ಅಣ್ಣ ಎಂದು ಕೇಳಿದಾಗ, ಸೂರ್ಯನ ಮನೆಗೆ ಎಂದರು.

ದೂರದರ್ಶಕದಲ್ಲಿ ಸೂರ್ಯ ತುಂಬು ಕೆಂಪಗಿದ್ದ, ಹಣೆಗೆ ಇಟ್ಟ ದೊಡ್ಡ ಕುಂಕುಮದ ಹಾಗೆ. ಅದರ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಒಂದು ಕಪ್ಪು ಕಲೆಯಿತ್ತು. ಮೇಸ್ತ್ರಿ ಹಿಂದೆ ನಿಂತವರು ಗೊಣಗುವವರೆಗೂ ಕಣ್ಣು ತೆಗೆಯಲಿಲ್ಲ. ಆಮೇಲೆ ಅದನ್ನು ತೋರಿಸುತ್ತಿದ್ದ ಹುಡುಗನಿಗೆ ತಮ್ಮ ಪ್ರಶ್ನೆ ಹಾಕಿದರು. ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಆ ಹುಡುಗ ನಗಲಿಲ್ಲ. ಅದು ತೂತಲ್ಲ ಅಂಕಲ್, ಸುತ್ತಲಿಗಿಂತ ತಣ್ಣಗಿರುವ ಜಾಗ. ಅದೂ ನಿಮ್ಮ ಕರಗಿದ ಕಬ್ಬಿಣಕ್ಕಿಂತ ಬಿಸಿಯೇ, ಸುತ್ತ ಇನ್ನೂ ಬಿಸಿ ಇರುವುದರಿಂದ ಕಪ್ಪಗೆ ಕಾಣುತ್ತದೆ ಎಂದ. ಸೂರ್ಯನ ನಡುವಿನಲ್ಲಿ ಪರಮಾಣುಗಳು ಕೂಡಿಕೊಳ್ಳುವಾಗ ಹೊರಡುವ ಸಣ್ಣ ಕಣಗಳು ನಮ್ಮ ಮೈಯನ್ನೇ ದಾಟಿ ಹೋಗುತ್ತಿರುತ್ತವೆ, ನೆಲದಾಳದಲ್ಲಿ ಯಂತ್ರ ಇಟ್ಟು ಅವನ್ನು ಎಣಿಸಿದ್ದಾರೆ, ಶಕ್ತಿ ಹೊರಗಿನಿಂದಲೇ ಬರುವುದಾದರೆ ಅವು ಹೀಗೆ ಸಿಗಬಾರದು ಎಂದ.

"ಎಣಿಸ್ದೋರು ಯಾರು? ಒಬ್ರಾ?" ಎಂದು ಕೇಳಿದರು ಮೇಸ್ತ್ರಿ.

ಒಬ್ಬರಲ್ಲ, ಬೇರೆ ಬೇರೆ ದೇಶದವರು, ಬೇರೆ ಬೇರೆ ಯಂತ್ರ ಇಟ್ಟು ಎಣಿಸಿದ್ದಾರೆ ಎಂದ ಹುಡುಗ.

ವಾಪಸು ಬರುವ ಬಸ್ಸು ಗೊರಗುಂಟೆಪಾಳ್ಯಕ್ಕೆ ಬಂದಾಗ ಮೇಸ್ತ್ರಿ, ಆ ಹುಡುಗ ನಗಲಿಲ್ಲ ನೋಡು ಎಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಬ್ಯಾರೆ ಬ್ಯಾರೆ ಕಡೆ ನಿಂತೋರು ಒಂದೇ ಕಂಡ್ರೆ ಒಪ್ಕಬೇಕಾಯ್ತದೆ ಕಣಪ್ಪ" ಎಂದರು. ಸೋಮವಾರ ಬೆಳಿಗ್ಗೆ ಅವರು ಪುನಃ ಹಳೆಯ ವಾದಕ್ಕೇ ಬಂದಿದ್ದರು. ಆದರೆ ಅಂದಿನಿಂದ ಕೊನೆಯಲ್ಲಿ, ಆ ಹುಡುಗ ಹೇಳಿದ್ದೂ ಇದೆ ಎಂದು ಒಂದು ಮಾತು ಸೇರಿಸುತ್ತಿದ್ದರು. ಅವರ ಮಟ್ಟಿಗೆ ಅದು ದೊಡ್ಡ ರಿಯಾಯಿತಿ.

ಈಗ ಆಯುಧಪೂಜೆಗೆ ಬರುತ್ತೇನೆ. ಹಬ್ಬಕ್ಕೆ ಫರ್ನೇಸನ್ನು ಖಾಲಿ ಮಾಡಿ, ತಣಿಯಲು ಬಿಟ್ಟು, ತೊಳೆದು, ಚೆಂಡುಹೂವಿನ ಹಾರ ಹಾಕುವುದು ಪೀಣ್ಯದ ಎಲ್ಲ ಫೌಂಡ್ರಿಗಳ ಪದ್ಧತಿ. ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಾರೆ. ಪ್ರತಿ ಯಂತ್ರಕ್ಕೂ, ಪ್ರತಿ ಸ್ವಿಚ್ಚಿಗೂ, ಪ್ರತಿ ಮೀಟರಿನ ಗಾಜಿಗೂ ವಿಭೂತಿ ಎಳೆದು ಕುಂಕುಮ ಇಡುತ್ತಾರೆ. ನಮ್ಮಲ್ಲಿ ಕುಂಕುಮದ ಬಟ್ಟಲು ಹಿಡಿಯುತ್ತಿದ್ದವರು ಮೇಸ್ತ್ರಿ. ಅವರು ಎಲ್ಲಕ್ಕೂ ಇಡುತ್ತಿದ್ದರು, ಒಂದನ್ನು ಬಿಟ್ಟು. ಅದು ನಾನು ಮೊದಲು ಹೇಳಿದ ದುಂಡು ಮೀಟರು.

ಅದನ್ನು ಲೀಕೇಜ್ ಮೀಟರ್ ಎನ್ನುತ್ತೇವೆ. ಕರಗಿದ ಕಬ್ಬಿಣ ಒಳಗೋಡೆಯನ್ನು ಕೊರೆದು ತಾಮ್ರದ ಸುರುಳಿಯ ಹತ್ತಿರ ಬಂದರೆ ಅದರ ಮುಳ್ಳು ಮೇಲೇಳುತ್ತದೆ. ಕೆಂಪು ಗೆರೆ ದಾಟಿದರೆ ಫರ್ನೇಸು ತಾನಾಗಿ ನಿಲ್ಲುತ್ತದೆ. ಕಬ್ಬಿಣ ಸುರುಳಿಯನ್ನು ಮುಟ್ಟಿ ಕೊಳವೆ ತೂತಾಗಿ ನೀರಿಗೆ ಸೇರಿದರೆ ಆಗುವುದು ಸ್ಫೋಟ. ಅದಾಗದಂತೆ ನಮ್ಮೆಲ್ಲರನ್ನೂ ಕಾಯುತ್ತಿದ್ದದ್ದು ಆ ಮುಳ್ಳು. ಆ ವರ್ಷದ ಪೂಜೆಯಲ್ಲಿ ಹೊಸ ಹುಡುಗನೊಬ್ಬ ಅದಕ್ಕೂ ಬೊಟ್ಟು ಇಡಲು ಹೋದಾಗ ಮೇಸ್ತ್ರಿ ಅವನ ಕೈ ಹಿಡಿದರು.

"ಅದು ಕಣ್ಣು ಕಣ್ಲಾ. ಕಣ್ಣಿಗ್ ಯಾರಾದ್ರೂ ಕುಂಕುಮ ಇಕ್ತಾರಾ?"

ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದ ಗಾಜನ್ನು ಒರೆಸಿದರು. ಹಾರದ ಒಂದು ಎಳೆ ಅದರ ಮೇಲೆ ಇಳಿಬಿದ್ದಿತ್ತು. ಅದನ್ನೂ ಪಕ್ಕಕ್ಕೆ ಸರಿಸಿ ಕಟ್ಟಿದರು. ಇದನ್ನು ನಾನು ನೋಡಿದೆ. ಪೂಜೆಗೆ ಬಂದಿದ್ದ ಮ್ಯಾನೇಜರನೂ ನೋಡಿದ, ಪ್ರಸಾದದ ಪೊಟ್ಟಣ ಹಿಡಿದುಕೊಂಡು.

ತಣ್ಣಗಾದ ಲೈನಿಂಗಿನಲ್ಲಿ ಕೂದಲೆಳೆಯ ಬಿರುಕುಗಳು ಬಿಡುತ್ತವೆ. ಹಬ್ಬ ಮುಗಿದ ಮೇಲೆ ಫರ್ನೇಸನ್ನು ನಿಧಾನವಾಗಿ, ಮಧ್ಯಾಹ್ನದವರೆಗೂ ಬಿಸಿ ಏರಿಸಬೇಕು. ಆಗ ಬಿರುಕು ಮುಚ್ಚಿಕೊಳ್ಳುತ್ತದೆ. ಮೇಸ್ತ್ರಿ ಇದನ್ನು ಯಾವ ವರ್ಷವೂ ತಪ್ಪಿಸಿದವರಲ್ಲ. ಆ ವರ್ಷ ಸಂಜೆಯ ಲಾರಿಗೆ ಮಾಲು ಹೋಗಲೇಬೇಕೆಂದು ಮ್ಯಾನೇಜರ ಬೆಳಿಗ್ಗೆಯೇ ಕರೆಂಟನ್ನು ಪೂರ್ತಿ ಏರಿಸಲು ಹೇಳಿದ. ಈ ಮಾತನ್ನು ನಾನು ಕೇಳಿಲ್ಲ. ಪ್ಯಾನೆಲ್ ನೋಡಿಕೊಳ್ಳುತ್ತಿದ್ದ ಎಲೆಕ್ಟ್ರಿಷಿಯನ್ ನಾಗರಾಜ ಕೇಳಿದ್ದಾನೆ. ಇಲ್ಲಿಂದ ಮುಂದಿನದೆಲ್ಲ ನಾನೇ ಕಂಡು ಕೇಳಿದ್ದು.

ಕಬ್ಬಿಣ ಕರಗಿದ ಸ್ವಲ್ಪ ಹೊತ್ತಿಗೆ ಮುಳ್ಳು ಎದ್ದಿತು, ಫರ್ನೇಸು ನಿಂತಿತು. ಮೇಸ್ತ್ರಿ ಖಾಲಿ ಮಾಡೋಣ ಎಂದರು. ಮ್ಯಾನೇಜರ ಬಂದು, ಮೀಟರೇ ಸರಿಯಿಲ್ಲ, ಪುನಃ ಹಾಕಿ ಎಂದ. ಹಾಕಿದರು, ಪುನಃ ನಿಂತಿತು. ಆಗ ಅವನು, ಫರ್ನೇಸನ್ನು ನಿಲ್ಲಿಸುವ ತಂತಿಯನ್ನು ಬಿಚ್ಚಿಬಿಡು ಎಂದು ನಾಗರಾಜನಿಗೆ ಹೇಳಿದ. ನಾಗರಾಜ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅದನ್ನು ತೆಗೆಯುವ ಹಾಗಿಲ್ಲ ಸಾರ್ ಎಂದ. ಮ್ಯಾನೇಜರ ತಾನೇ ಪ್ಯಾನೆಲ್ಲಿನ ಬಾಗಿಲು ತೆಗೆದು ಒಂದು ತುಂಡು ಹಳದಿ ತಂತಿಯನ್ನು ಬಿಚ್ಚಿ ತೆಗೆದ. ಅದನ್ನು ಷರ್ಟಿನ ಜೇಬಿಗೆ ಹಾಕಿಕೊಂಡ. ಅದರ ತುದಿ ಪೆನ್ನಿನ ಹಾಗೆ ಹೊರಗೆ ಕಾಣುತ್ತಿತ್ತು.

ಕರೆಂಟು ಏರಿತು. ಮುಳ್ಳು ಎದ್ದಿತು. ಈ ಸಲ ಫರ್ನೇಸು ನಿಲ್ಲಲಿಲ್ಲ. ಮ್ಯಾನೇಜರ ಮೀಟರಿನ ಮುಂದೆಯೇ ನಿಂತಿದ್ದ. ಮುಳ್ಳು ಗೆರೆ ದಾಟುವುದನ್ನು ಅವನು ನೋಡಿದ. ನೋಡಿ, ಬೆನ್ನು ತಿರುಗಿಸಿ ತನ್ನ ಗಾಜಿನ ಕ್ಯಾಬಿನ್ನಿನ ಕಡೆ ನಡೆದ.

ಕಟ್ಟೆಯ ಮೇಲಿನಿಂದ ಮೇಸ್ತ್ರಿಗೆ ಮೀಟರು ಕಾಣುವುದಿಲ್ಲ. ಅವರು ನನ್ನ ಕಡೆ ತಿರುಗಿ ಕೇಳಿದರು.

"ಮುಳ್ಳು ಎಲ್ಲದೆ?"

"ಗೆರೆ ದಾಟಿದೆ ಮೇಸ್ತ್ರಿ. ಕೊನೇವರೆಗೂ ಹೋಗಿದೆ."

ಅವರು ಕೂಗಲಿಲ್ಲ. ಎಲ್ಲಾ ಆಚೆ ಹೋಗಿ ಎಂದು ಮಾಮೂಲಿ ದನಿಯಲ್ಲೇ ಹೇಳಿದರು. ಮೇಲೆ ನೋಡಿ, ಕ್ರೇನನ್ನು ಶೆಡ್ಡಿನ ಆ ತುದಿಗೆ ಒಯ್ಯುವಂತೆ ಯಲ್ಲಪ್ಪನಿಗೆ ಕೈ ಮಾಡಿದರು. ನಾಗರಾಜ ಮೇನ್ ಸ್ವಿಚ್ ಇಳಿಸಿದ. ಕರೆಂಟು ಹೋಯಿತು, ಆದರೆ ಕರಗಿದ ಕಬ್ಬಿಣ ಅಷ್ಟಕ್ಕೆ ನಿಲ್ಲುವುದಿಲ್ಲ. ಅದನ್ನು ಹೊರಗೆ ಸುರಿಯಬೇಕು. ಮೇಸ್ತ್ರಿ ಪಾತ್ರೆಯನ್ನು ವಾಲಿಸುವ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ಕಬ್ಬಿಣ ಕೆಳಗಿನ ಗುಂಡಿಗೆ ಹರಿಯತೊಡಗಿತು. ನಾನು ಮರಳಿನ ರಾಶಿಯ ಹಿಂದಕ್ಕೆ ಹಾರಿದೆ. ಹಾರುವ ಮೊದಲು ಕಂಡದ್ದು ಅವರ ಎಡಗೆನ್ನೆ, ಅದರ ಮೇಲೆ ಬಿದ್ದ ಬಿಳಿ ಬೆಳಕು.

ಸಿಡಿದಾಗ ಪಾತ್ರೆ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ತುಂಬಿದ್ದಾಗ ಸಿಡಿದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ನಾಗರಾಜನಿಗೆ ಬಲಗಿವಿ ಹೋಯಿತು. ಯಲ್ಲಪ್ಪನಿಗೆ ಏನೂ ಆಗಲಿಲ್ಲ. ಮೇಸ್ತ್ರಿಯನ್ನು ನಾವು ಪೂಜೆಗೆ ಬಟ್ಟೆ ಹಾಸಿದ್ದ ಹಲಗೆಯ ಮೇಲೆ ಮಲಗಿಸಿ ಹೊರಗೆ ತಂದೆವು. ಅವರ ಬಲಗೆನ್ನೆಯನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮಾರನೆಯ ದಿನ ಕಾರ್ಖಾನೆ ಇಲಾಖೆಯಿಂದ ಅಧಿಕಾರಿ ಮೇಡಂ ಬಂದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಶೆಡ್ಡಿನೊಳಕ್ಕೆ ಕರೆದರು. ನಾನು ಹೋದಾಗ ಮ್ಯಾನೇಜರ ಅಲ್ಲೇ ಇದ್ದ. ಹಳದಿ ತಂತಿ ಅವನ ಜೇಬಿನಲ್ಲಿರಲಿಲ್ಲ, ಪ್ಯಾನೆಲ್ಲಿನೊಳಗೆ ಬಿಚ್ಚಿ ಬಿದ್ದಿತ್ತು. ಮತ್ತು ದುಂಡು ಮೀಟರಿನ ಗಾಜು ಪೂರ್ತಿ ಕುಂಕುಮದಿಂದ ಕೆಂಪಗಿತ್ತು. ಮುಳ್ಳು ಕಾಣುತ್ತಲೇ ಇರಲಿಲ್ಲ.

ಮ್ಯಾನೇಜರ ಮೇಡಂಗೆ ತನ್ನ ಮೊಬೈಲಿನಲ್ಲಿ ಮೇಸ್ತ್ರಿಯ ವಿಡಿಯೊ ತೋರಿಸುತ್ತಿದ್ದ. ಊಟದ ಹೊತ್ತಿನಲ್ಲಿ ಯಾರೋ ತಮಾಷೆಗೆ ತೆಗೆದು ನಮ್ಮ ಗ್ರೂಪಿಗೆ ಹಾಕಿದ್ದು. ಅದರಲ್ಲಿ ಮೇಸ್ತ್ರಿ ಮುದ್ದೆ ಮುರಿಯುತ್ತ, ಸೂರ್ಯನ ಒಳಗೆ ಬೆಂಕಿಯೇ ಇಲ್ಲ ಎಂದು ವಿವರಿಸುತ್ತಿದ್ದರು. ನೋಡಿ ಮೇಡಂ, ತಲೆ ಸರಿಯಿರಲಿಲ್ಲ, ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ, ತಂತಿಯನ್ನೂ ಅವನೇ ಕಿತ್ತಿದ್ದಾನೆ, ಪೂಜೆ ಅಂತ ಮೀಟರಿಗೆ ಕುಂಕುಮ ಬಳಿದು ಮುಳ್ಳನ್ನೇ ಮುಚ್ಚಿದ್ದಾನೆ ಎಂದ. ಮೇಸ್ತ್ರಿ ಉಳಿಯುವುದು ಕಷ್ಟ ಎಂದು ಆಸ್ಪತ್ರೆಯವರು ಆಗಲೇ ಹೇಳಿದ್ದರು. ಅದು ಅವನಿಗೂ ಗೊತ್ತಿತ್ತು.

ನಾನು ನನಗೆ ಗೊತ್ತಿದ್ದನ್ನು ಹೇಳಿದೆ. ಮ್ಯಾನೇಜರ ನನ್ನ ಕಡೆ ತಿರುಗಿದ.

"ನೀನೇ ತಾನೆ ಅವನಿಗೆ ಆ ವಿಡಿಯೊ ಎಲ್ಲ ಓದಿ ಹೇಳ್ತಿದ್ದೋನು? ನೀನೂ ನಂಬ್ತೀಯಾ, ಸೂರ್ಯ ಕರೆಂಟಲ್ಲಿ ಓಡುತ್ತೆ ಅಂತ?"

"ಇಲ್ಲ ಸಾರ್" ಎಂದೆ. ಆಗ ಅವನನ್ನು ಸಾರ್ ಎನ್ನುತ್ತಿದ್ದೆ. "ಸೂರ್ಯನ ವಿಷಯದಲ್ಲಿ ಮೇಸ್ತ್ರಿ ತಪ್ಪು. ಫರ್ನೇಸಿನ ವಿಷಯದಲ್ಲಿ ಅಲ್ಲ."

ಮೇಡಂ ಏನೋ ಬರೆದುಕೊಂಡರು. ಮಾತಿಗೆ ಮಾತು ಅಷ್ಟೇ ಆಗುತ್ತಿದೆ ಎಂದು ನನಗೆ ತಿಳಿಯಿತು. ನನ್ನದು ಒಬ್ಬ ಕೂಲಿಯ ಮಾತು, ಅವನದು ಮ್ಯಾನೇಜರನ ಮಾತು. ಏನು ಮಾಡಬೇಕೆಂದು ತೋಚದೆ ಆ ಕೆಂಪು ದುಂಡನ್ನೇ ನೋಡುತ್ತ ನಿಂತೆ. ಶೆಡ್ಡಿನಲ್ಲಿ ಎಲ್ಲವೂ ಕಪ್ಪಾಗಿತ್ತು. ಗೋಡೆ, ತಗಡಿನ ಸೂರು, ಪ್ಯಾನೆಲ್ಲು, ಪಕ್ಕಕ್ಕೆ ಕಟ್ಟಿದ್ದ ಹಾರ, ಉಳಿದ ಮೀಟರುಗಳ ಮೇಲೆ ಮೇಸ್ತ್ರಿ ಇಟ್ಟಿದ್ದ ಬೊಟ್ಟುಗಳು, ಎಲ್ಲದರ ಮೇಲೂ ಎಣ್ಣೆಮಸಿ ಕೂತಿತ್ತು. ಇದೊಂದು ಕುಂಕುಮ ಮಾತ್ರ ಅಂಗಡಿಯಿಂದ ತಂದಷ್ಟು ಕೆಂಪಗಿತ್ತು.

ಮೇಸ್ತ್ರಿ ಸೂರ್ಯನ ವಿಷಯದಲ್ಲಿ ಬಿಡದೆ ಕೇಳುತ್ತಿದ್ದದ್ದು ಆಗ ನೆನಪಾಯಿತು. ಮೇಲಿನ ಮೈ ಹರಿದ ಜಾಗದಲ್ಲಿ ಕೆಳಗೆ ಏನು ಕಾಣುತ್ತದೆ?

ಮೇಡಂ, ಅದನ್ನು ಸ್ವಲ್ಪ ಒರೆಸಿ ನೋಡಿ ಎಂದೆ.

ಪೂಜೆಯ ಕುಂಕುಮ, ಮುಟ್ಟಬೇಡಿ ಎಂದ ಮ್ಯಾನೇಜರ. ಅವನ ಬಾಯಲ್ಲಿ ಭಕ್ತಿಯ ಮಾತು ನಾನು ಕೇಳಿದ್ದು ಅದೇ ಮೊದಲು. ಮೇಡಂ ಅವನನ್ನು ಒಮ್ಮೆ ನೋಡಿ, ಬ್ಯಾಗಿನಿಂದ ಕರವಸ್ತ್ರ ತೆಗೆದು, ತುದಿಯನ್ನು ಬೆರಳಿಗೆ ಸುತ್ತಿ, ಗಾಜಿನ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಮೆಲ್ಲಗೆ ಒರೆಸಿದರು. ಕರವಸ್ತ್ರಕ್ಕೆ ಕೆಂಪು ಬಂತು. ಅದರ ಕೆಳಗೆ ಕಪ್ಪು ಕಂಡಿತು. ಅದು ಸ್ಫೋಟದ ಮಸಿ. ಆ ಕಪ್ಪಿನ ಒಂದು ಅಂಚನ್ನು ಇನ್ನೊಮ್ಮೆ ಒತ್ತಿ ಒರೆಸಿದಾಗ ಮಸಿಯ ಕೆಳಗೆ ಗಾಜು ಕಂಡಿತು, ಚೊಕ್ಕಟವಾಗಿ, ಟವೆಲ್ಲಿನಿಂದ ಒರೆಸಿಟ್ಟ ಹಾಗೆ. ಗಾಜಿಗೆ ಕುಂಕುಮದ ಒಂದು ಕಣವೂ ಅಂಟಿರಲಿಲ್ಲ.

ಕುಂಕುಮ ಮೊದಲೇ ಇದ್ದಿದ್ದರೆ ಮಸಿ ಅದರ ಮೇಲೆ ಕೂರಬೇಕಿತ್ತು. ಇಲ್ಲಿ ಮಸಿಯ ಮೇಲೆ ಕುಂಕುಮ ಕೂತಿತ್ತು. ಇದನ್ನು ಬಳಿದ ಹೊತ್ತಿಗೆ ಮೇಸ್ತ್ರಿ ಆಸ್ಪತ್ರೆಯಲ್ಲಿದ್ದರು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೇಡಂ ಒರೆಸುವುದನ್ನು ನಿಲ್ಲಿಸಿ ಫೋಟೊ ತೆಗೆದರು. ಕೆಂಪು ದುಂಡು, ಅದರಲ್ಲಿ ಕಪ್ಪು ಕಲೆ. ಮಹದೇವಪುರದಲ್ಲಿ ಕಂಡ ಸೂರ್ಯನೇ. ನಾನು ಮ್ಯಾನೇಜರನ ಮುಖ ನೋಡಿದೆ. ಆ ದಿನ ನನಗಾದ ಸಂತೋಷವನ್ನು ಇವತ್ತಿಗೂ ನಾನು ಕೆಟ್ಟದ್ದು ಎಂದುಕೊಂಡಿಲ್ಲ. ಅದು ಸಾಲದು ಎಂದು ಮಾತ್ರ ಅನ್ನಿಸುತ್ತದೆ.

ಸಂಜೆ ಆಸ್ಪತ್ರೆಗೆ ಹೋಗಿ ಮೇಸ್ತ್ರಿಗೆ ಹೇಳಿದೆ. ಅವರಿಗೆ ಕೇಳಿಸುತ್ತಿತ್ತು. ಆ ಹುಡುಗ ತೋರಿಸಿದನಲ್ಲ, ಹಾಗೇ ಇತ್ತಾ ಎಂದು ಕೇಳಿದರು. ಹಾಗೇ ಇತ್ತು ಎಂದೆ. ಸುಧಾರಿಸಿಕೊಂಡು, ಕೊನೆಯದಾಗಿ ನನ್ನೊಡನೆ ಆಡಿದ್ದು ಇಷ್ಟು:

"ಮುಳ್ಳು ನೀನೂ ನೋಡ್ದೆ. ಅವ್ನೂ ನೋಡ್ದ."

ಎರಡು ದಿನದ ಮೇಲೆ ಬೆಳಿಗ್ಗೆ, ಸೂರ್ಯ ಚೆನ್ನಾಗಿ ಮೇಲೆ ಬಂದ ಹೊತ್ತಿನಲ್ಲಿ, ಅವರು ತೀರಿಕೊಂಡರು.

ಅವರ ಹೆಂಡತಿ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವರು. ನಾನು ಅಕ್ಕ ಎನ್ನುತ್ತೇನೆ. ಮ್ಯಾನೇಜರ ತೋರಿಸಿದ ವಿಡಿಯೊ, ತಲೆ ಸರಿಯಿರಲಿಲ್ಲ ಎಂದ ಮಾತು, ಕುಂಕುಮ, ಎಲ್ಲವನ್ನೂ ಅವರಿಗೆ ಹೇಳಬೇಕಾಯಿತು. ಹನ್ನೊಂದನೆಯ ದಿನ ಅವರ ಹಣೆಯ ಕುಂಕುಮ ತೆಗೆಸಲು ಮನೆಯ ಹಿರಿಯ ಹೆಂಗಸರು ಸೇರಿದಾಗ ಅಕ್ಕ ಒಪ್ಪಲಿಲ್ಲ.

"ಅವ್ನು ಬಳಿದಿದ್ನ ಅವನ ಕೈಯಾಗೇ ಒರೆಸ್ಲಿ. ನಾನು ಬಳಿದೆ ಅಂತ ಬಾಯ್ಬಿಟ್ಟು ಯೋಳ್ಲಿ. ಅಲ್ಲೀಗಂಟ ನಂದು ಯಾರೂ ಒರೆಸ್ಕೂಡದು" ಎಂದರು.

ಯಾರೂ ಮುಂದಕ್ಕೆ ಬರಲಿಲ್ಲ.

ಕೇಸು ಕೋರ್ಟಿನಲ್ಲಿದೆ. ಮ್ಯಾನೇಜರ ಜಾಮೀನಿನ ಮೇಲಿದ್ದು ಇನ್ನೂ ದೊಡ್ಡ ಕಾರ್ಖಾನೆಯಲ್ಲಿದ್ದಾನೆ. ಸಾಕ್ಷಿಗೆ ನಿಂತ ಯಲ್ಲಪ್ಪ, ನಾಗರಾಜ, ನಾನು, ಮೂವರಿಗೂ ಆ ಫೌಂಡ್ರಿಯ ಗೇಟು ಮುಚ್ಚಿತು. ಬೇರೆ ಬೇರೆ ಕಡೆ ದುಡಿಯುತ್ತಿದ್ದೇವೆ. ಕುಂಕುಮವನ್ನು ಆಮೇಲೆ ಯಾವ ಕೆಲಸಗಾರನಾದರೂ ಬಳಿದಿರಬಹುದು ಎಂಬುದು ಅವನ ವಕೀಲರ ಈಗಿನ ಮಾತು. ಅದಕ್ಕೇ ನಾವು ಕಣ್ಣಾರೆ ಕಂಡದ್ದು ಬೇಕಾಗಿದೆ, ಅದಕ್ಕೇ ಅವರು ದಿನ ಮುಂದಕ್ಕೆ ಹಾಕಿಸುತ್ತಲೇ ಇದ್ದಾರೆ. ಬಾಡಿಗೆ ರೂಮಿನ ಜನ, ಎಷ್ಟು ದಿನ ಇದ್ದಾರು, ಊರಿಗೆ ಹೋಗುತ್ತಾರೆ ಎಂದು ಮ್ಯಾನೇಜರ ಕೋರ್ಟಿನ ಜಗಲಿಯಲ್ಲಿ ಯಾರಿಗೋ ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಪ್ರತಿ ದಿನಾಂಕಕ್ಕೂ ಅಕ್ಕ ಹಣೆಯ ಮೇಲೆ ಇಷ್ಟಗಲ ಕುಂಕುಮ ಇಟ್ಟುಕೊಂಡು ಬಂದು ಅವನ ಎದುರಿನ ಬೆಂಚಿನಲ್ಲಿ ಕೂರುತ್ತಾರೆ. ಪಕ್ಕದಲ್ಲಿ ನಾನು ಕೂರುತ್ತೇನೆ. ನಾವು ಅವನ ಜೊತೆ ಮಾತಾಡುವುದಿಲ್ಲ. ಅವನು ಎಲ್ಲಿ ನೋಡಬೇಕೆಂದು ತಿಳಿಯದೆ ಮೊಬೈಲ್ ನೋಡುತ್ತಾನೆ. ಅವನನ್ನು ಕ್ಷಮಿಸಿದರೆ ನಿನ್ನ ಮನಸ್ಸಿಗೇ ಹಗುರ ಎಂದು ನನಗೆ ಹೇಳಿದವರಿದ್ದಾರೆ. ನನಗೆ ಹಗುರವಾಗುವುದು ಬೇಕಿಲ್ಲ.

ಬೇರೆ ಬೇರೆ ಕಡೆ ನಿಂತವರು ಒಂದೇ ಕಂಡರೆ ಒಪ್ಪಿಕೊಳ್ಳಬೇಕು ಎಂದು ಮೇಸ್ತ್ರಿ ಆ ಬಸ್ಸಿನಲ್ಲಿ ಹೇಳಿದ್ದರು. ಆದ್ದರಿಂದ ನಿಂತ ಜಾಗದ ಸಮೇತ ಬರೆದಿಡುತ್ತೇನೆ. ಯಲ್ಲಪ್ಪ ಮೇಲೆ ಕ್ರೇನಿನಲ್ಲಿದ್ದ. ಅಲ್ಲಿಂದ ತಂತಿ ಬಿಚ್ಚಿದ ಕೈ ನೇರ ಕೆಳಗೆ ಕಾಣುತ್ತದೆ. ಅವನು ಊರಿಗೆ ಹೋಗಿಲ್ಲ. ರಾಜಗೋಪಾಲನಗರದ ಅದೇ ರೂಮಿನಲ್ಲಿದ್ದಾನೆ, ಹೆಂಡತಿ ಮಕ್ಕಳನ್ನೂ ಇಲ್ಲಿಗೇ ಕರೆಸಿಕೊಂಡಿದ್ದಾನೆ. ನಾಗರಾಜ ಪ್ಯಾನೆಲ್ಲಿನ ಬಾಗಿಲ ಪಕ್ಕದಲ್ಲಿದ್ದ. ಬಲಗಿವಿ ಕೇಳಿಸುವುದಿಲ್ಲ, ಕಣ್ಣು ಚೆನ್ನಾಗಿದೆ. ನಾನು ಮರಳಿನ ರಾಶಿಗೆ ಬೆನ್ನು ಕೊಟ್ಟಿದ್ದೆ. ನಾಲ್ಕನೆಯವನು ಮೀಟರಿನ ಮುಂದೆ ನಿಂತಿದ್ದ, ಜೇಬಿನಲ್ಲಿ ಹಳದಿ ತಂತಿ ಇಟ್ಟುಕೊಂಡು. ಚೊಕ್ಕಟ ಗಾಜಿನ ಹಿಂದಿನ ಮುಳ್ಳನ್ನು ನಮ್ಮೆಲ್ಲರಿಗಿಂತ ಹತ್ತಿರದಿಂದ ಕಂಡವನು ಅವನೇ. ಅವನೂ ಇನ್ನೂ ಬದುಕಿದ್ದಾನೆ.